ಸಹಿ ಹಾಕುವ ಮುಂಚೆ ಬೇಸಿಕ್ ಸಂಬಳ ಎಷ್ಟೆಂದು ನೋಡಿ: ಕರಾವಳಿಯಿಂದ ಯುಎಇಗೆ ದುಡಿಯಲು ಬರುವವರಿಗೆ

ಕಾರವಾರದಿಂದ ಭಟ್ಕಳದವರೆಗೆ ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಬಾಯಿಮಾತು ನಂಬಿ ಹೊರಡುತ್ತಾರೆ. ಭಾವನ ಗೆಳೆಯ ವೀಸಾ ಮಾಡಿಸುತ್ತಾನಂತೆ, ತದಡಿಯವರೊಬ್ಬರು ಬೋಟಿಗೆ ಜನ ಬೇಕೆಂದರಂತೆ, ಅಷ್ಟೇ ಸಾಕು. ನಮ್ಮವರ ಹತ್ತಿರ ಕಾಗದ ಕೇಳಿದರೆ ಅವರಿಗೆ ಬೇಜಾರಾದೀತು ಎಂಬ ದಾಕ್ಷಿಣ್ಯ. ಇಲ್ಲಿ ನಮ್ಮವರು ಹಕ್ಕು ಕಳೆದುಕೊಳ್ಳುವುದು ಬಹುಪಾಲು ಆ ದಾಕ್ಷಿಣ್ಯದಿಂದಲೇ.

ಊರಲ್ಲಿ ಮುಗಿಸಬೇಕಾದ್ದನ್ನು ಬೇಗ ಹೇಳಿಬಿಡುತ್ತೇವೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್, ಅಂದರೆ ದುಡಿಯಲು ಹೊರಡುವ ಮುಂಚೆ ಸರ್ಕಾರದ ಅನುಮತಿ ಬೇಕಾದ ಬಗೆಯದ್ದಾಗಿರುತ್ತದೆ, ಆ ಅನುಮತಿಯನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಪಡೆಯಬೇಕು. ಏಜೆಂಟರ ನೋಂದಣಿಯನ್ನು ಅದರಲ್ಲೇ ನೋಡಿ. ಅವರು ಪಡೆಯಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ ಸಿಗುತ್ತದೆ. ವಿಸಿಟ್ ವೀಸಾದಲ್ಲಿ ಬಂದು ಕೆಲಸಕ್ಕೆ ನಿಲ್ಲಬೇಡಿ. ಸಿಕ್ಕಿಬಿದ್ದರೆ ತಪ್ಪಿತಸ್ಥರಾಗುವುದು ನೀವೂ ಹೌದು.

ಇನ್ನು ಬೇಸಿಕ್, ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳ. ಇದನ್ನು ನಿಧಾನವಾಗಿ ಓದಿ. ಊರಲ್ಲಿ ಯಾರಾದರೂ ಸಂಬಳ ಎಷ್ಟು ಅಂದರೆ ನಾವು ಒಂದೇ ಸಂಖ್ಯೆ ಹೇಳುತ್ತೇವೆ, ಎರಡು ಸಾವಿರ ದಿರ್ಹಂ ಎಂದು. ಒಪ್ಪಂದದಲ್ಲಿ ಅದು ಒಡೆದು ಬರೆದಿರುತ್ತದೆ: ಬೇಸಿಕ್ ಇಷ್ಟು, ರೂಮಿಗೆ ಇಷ್ಟು, ಓಡಾಟಕ್ಕೆ ಇಷ್ಟು. ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು ಗ್ರಾಚುಯಿಟಿ. ಅದರ ಲೆಕ್ಕ ಹಾಕುವುದು ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಆಮೇಲೆ ವರ್ಷಕ್ಕೆ 30 ದಿನದ್ದು. ಎರಡು ಸಾವಿರದಲ್ಲಿ ಬೇಸಿಕ್ 1,400 ಇದ್ದರೆ ಐದು ವರ್ಷಕ್ಕೆ 4,900 ದಿರ್ಹಂ. ಅದೇ 800 ಇದ್ದರೆ 2,800. ಕೆಲಸ ಒಂದೇ, ಬೆವರು ಒಂದೇ, ಆದರೆ 2,100 ದಿರ್ಹಂ ಕೈತಪ್ಪಿತು. ಓಟಿ (ಓವರ್‌ಟೈಮ್) ಹಣವೂ ಬೇಸಿಕ್ ಮೇಲೆಯೇ: ದಿನಕ್ಕೆ ಎಂಟು ತಾಸು ದಾಟಿದರೆ ಶೇಕಡಾ 25 ಹೆಚ್ಚು, ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರೊಳಗಾದರೆ ಶೇಕಡಾ 50. ತಾವಾಗಿ ರಾಜೀನಾಮೆ ಕೊಟ್ಟರೆ ಗ್ರಾಚುಯಿಟಿ ಇಲ್ಲ ಎಂದು ಕೆಲಸಗಾರರು ಉಳಿಯುವ ಕ್ಯಾಂಪುಗಳಲ್ಲಿ ಇನ್ನೂ ಹೇಳುತ್ತಾರೆ. 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ಹಾಗಿಲ್ಲ. ಒಂದು ವರ್ಷ ಪೂರೈಸಿದವರಿಗೆ ಅದು ಸಿಗಬೇಕು, ಕೆಲಸ ಮುಗಿದ 14 ದಿನದೊಳಗೆ ಕೈಗೆ ಬರಬೇಕು.

ಓಟಿ ಸಾಬೀತು ಮಾಡಲಾಗದೆ ಸೋಲುವವರೇ ಹೆಚ್ಚು. ಊರಿಂದ ತಂದ ಗೋಡೆ ಕ್ಯಾಲೆಂಡರ್ ಮಲಗುವ ಮಂಚದ ಪಕ್ಕ ತೂಗುಹಾಕಿರುತ್ತೀರಲ್ಲ, ಸಂಕಷ್ಟಿ, ಏಕಾದಶಿ ಬರೆದಿರುವ ಅದೇ ಚೌಕದಲ್ಲಿ ರಾತ್ರಿ ಮಲಗುವ ಮುಂಚೆ ಬಂದ ಹೊತ್ತು, ಬಿಟ್ಟ ಹೊತ್ತು ಬರೆಯಿರಿ. ತಿಂಗಳ ಕೊನೆಗೆ ಅದರದ್ದೊಂದು ಫೋಟೊ, ಬ್ಯಾಂಕಿನ ಮೆಸೇಜಿನದ್ದೊಂದು ಫೋಟೊ ತೆಗೆದು ಮನೆಗೆ ಕಳಿಸಿಡಿ. ಮೊಬೈಲ್ ಕಳೆದರೂ ಲೆಕ್ಕ ಉಳಿಯುತ್ತದೆ.

ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವಂತಿಲ್ಲ. "ಸೇಫ್ ಆಗಿರಲಿ" ಎಂದು ಕೇಳಿದಾಗ ನಮ್ಮವರು ಕೊಟ್ಟುಬಿಡುತ್ತಾರೆ, ಆಮೇಲೆ ಅಪ್ಪನಿಗೆ ಹುಷಾರಿಲ್ಲವೆಂದು ಫೋನ್ ಬಂದ ದಿನ ಅದೇ ಪಾಸ್‌ಪೋರ್ಟಿಗೆ ಕೈಮುಗಿದು ನಿಲ್ಲಬೇಕಾಗುತ್ತದೆ. ವೀಸಾ ಕೆಲಸಕ್ಕೆ ಬೇಕಾದರೆ ಕೊಟ್ಟು ವಾಪಸ್ ತೆಗೆದುಕೊಳ್ಳಿ. ವೀಸಾ ಖರ್ಚು ಮಾಲೀಕರದ್ದೇ, ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ.

ಬೋಟಿಗೆ ಬರುವವರು ಇನ್ನಷ್ಟು ಎಚ್ಚರದಿಂದಿರಿ. 2018ರಲ್ಲಿ ದುಬೈ ಬೋಟುಗಳಲ್ಲಿ ದುಡಿಯುತ್ತಿದ್ದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮೀನುಗಾರರು ಸಮುದ್ರದ ಗಡಿ ದಾಟಿದ ಆರೋಪದಲ್ಲಿ ಇರಾನಿನಲ್ಲಿ ಸಿಕ್ಕಿಬಿದ್ದು, ಮನೆಯವರು ತಿಂಗಳುಗಟ್ಟಲೆ ದಾರಿ ಕಾದರು. ಗಡಿ ಎಲ್ಲಿದೆಯೆಂದು ಗೊತ್ತಿರುವುದು ಬೋಟು ನಡೆಸುವ ತಾಂಡೇಲನಿಗೆ, ಜೈಲು ಮಾತ್ರ ಬೋಟಿನಲ್ಲಿದ್ದವರಿಗೆಲ್ಲ. ಬೋಟಿನ ನಂಬರು, ಮಾಲೀಕರ ಹೆಸರು, ವೀಸಾದ ನಕಲು ಮನೆಯಲ್ಲಿ ಇರಲೇಬೇಕು. ಮನೆಗೆಲಸದ ವೀಸಾ ಕೊಟ್ಟು ಸಮುದ್ರಕ್ಕೆ ಕಳಿಸಿದರೆ ಹತ್ತಬೇಡಿ. ಮನೆಗೆಲಸಕ್ಕೆ ಇಲ್ಲಿ ಬೇರೆಯದೇ ಕಾನೂನು.

ಸಂಬಳ ನಿಂತಿತೆಂದು ಸಿಟ್ಟಿಗೆ ಕ್ಯಾಂಪ್ ಬಿಟ್ಟು ಗೆಳೆಯರ ರೂಮಿಗೆ ಹೋಗುವುದು ದೊಡ್ಡ ತಪ್ಪು. ಏಳು ದಿನ ಎಡೆಬಿಡದೆ ಕೆಲಸಕ್ಕೆ ಹೋಗದಿದ್ದರೆ ಕಂಪನಿ ಓಡಿಹೋದವರೆಂದು ದೂರು ಕೊಡಬಹುದು. ಆಗ ಬರಬೇಕಾದ ಬಾಕಿಯ ಮಾತು ಹಿಂದೆ ಬಿದ್ದು ನೀವೇ ಉತ್ತರ ಕೊಡಬೇಕಾಗುತ್ತದೆ. ಸಂಬಳದ ದಿನ ಕಳೆದು 15 ದಿನ ಆಯಿತೆಂದರೆ ಮೊದಲು ಕಾರ್ಮಿಕ ಸಚಿವಾಲಯದ 80084ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದರ ನಂಬರು ಬರೆದಿಟ್ಟುಕೊಳ್ಳಿ. ನಮ್ಮ ದೂತಾವಾಸದ ಸಹಾಯವಾಣಿ 800 46342, ಹಗಲು ರಾತ್ರಿ ಇರುತ್ತದೆ.

ಆಫರ್ ಲೆಟರ್ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕೆಂಬ ನಿಯಮವಿದೆ. ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಉರ್ದು, ಮಲಯಾಳಂ, ತಮಿಳು ಸಿಗುತ್ತವೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ನಮ್ಮ ಹುಡುಗರು ಅರ್ಧಂಬರ್ಧ ಹಿಂದಿಯಲ್ಲಿ ತಲೆಯಾಡಿಸಿ ಸಹಿ ಹಾಕುತ್ತಾರೆ, ಇದು ನಮಗೆ ಬಹಳ ನೋವಿನ ವಿಷಯ. ಮುಂದಿನ ಬದುಕೆಲ್ಲ ಆ ಹಾಳೆಯಲ್ಲಿದೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಸಂಬಳ 4,000 ದಿರ್ಹಂ ಬೇಕು, ಮನೆ ಕಂಪನಿಯದ್ದಾದರೆ 3,000. ಅಷ್ಟಿಲ್ಲದವರ ಮಕ್ಕಳು ಕುಮಟಾದಲ್ಲೋ ಶಿರಸಿಯಲ್ಲೋ ಅಪ್ಪನನ್ನು ಮೊಬೈಲಿನಲ್ಲಿ ನೋಡುತ್ತ ಬೆಳೆಯುತ್ತವೆ. ಕೆಲಸದ ಪರ್ಮಿಟ್ ಎರಡು ವರ್ಷದ್ದು, ಶಿರಸಿಯ ಮಾರಿಕಾಂಬಾ ಜಾತ್ರೆಯೂ ಎರಡು ವರ್ಷಕ್ಕೊಮ್ಮೆ. ಎರಡನ್ನೂ ಹೊಂದಿಸಿ ರಜೆ ಹಾಕುವವರಿದ್ದಾರೆ. ಆ ಜಾತ್ರೆಯಲ್ಲಿ ಅಪ್ಪನ ಹೆಗಲೇರಲು ಸಂಕೋಚಪಟ್ಟು ಅಜ್ಜನ ಪಂಚೆ ಹಿಡಿದು ನಿಲ್ಲುವ ಮಗು, ನಾಚಿಕೆ ಬಿಟ್ಟು ಹತ್ತಿರ ಬರುವ ಹೊತ್ತಿಗೆ ರಜೆ ಮುಗಿದಿರುತ್ತದೆ. ವರ್ಷಕ್ಕೆ 30 ದಿನದ ರಜೆ ನಿಮ್ಮ ಹಕ್ಕು, ಕೇಳಿ ಪಡೆಯಿರಿ.

ಆಫರ್ ಲೆಟರ್ ಕೈಗೆ ಬಂದ ದಿನ ಸಹಿ ಹಾಕದೆ ಅದರ ಫೋಟೊ ನಿಮಗೆ ಗೊತ್ತಿರುವ ಇಲ್ಲಿನ ಕನ್ನಡದವರಿಗೆ ಕಳಿಸಿ. ಯಾರೂ ಗೊತ್ತಿಲ್ಲದಿದ್ದರೆ ಇಲ್ಲಿನ ಕನ್ನಡ ಸಂಘದವರನ್ನು ಕೇಳಿ. ರಾತ್ರಿ ಹತ್ತಾದರೂ ಸರಿ, ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳುತ್ತೇವೆ.