ವಿಶ್ರಾಮಬಾಗ್ ವಾಡೆಯ ಕಂಬ ಬಿಡಿಸಿದ್ದು

ನಮ್ಮ ಬಾಗಲಕೋಟೆ ಕಡೆ ದೇಸಾಯರ ಮನೆಗೂ ವಾಡೆ ಅಂತಲೇ ಹೆಸರು. ಅದಕ್ಕೇ ಇರಬೇಕು, ಪುಣೆಯ ಬಾಜೀರಾವ್ ರಸ್ತೆಯಲ್ಲಿ ವಿಶ್ರಾಮಬಾಗ್ ವಾಡೆಯನ್ನು ಮೊದಲ ಸಲ ಕಂಡಾಗ ಊರೇ ನೆನಪಾಯಿತು. ನಾನು ಕಟ್ಟಡದ ನಕ್ಷೆ ಬಿಡಿಸುವವನು. ಇದರ ಒಂದು ಅಂಕಣವನ್ನಾದರೂ ಕೈಯಾರೆ ಬಿಡಿಸಬೇಕು ಅಂದುಕೊಂಡೆ.

ಕೊನೆಯ ಪೇಶ್ವೆ ಎರಡನೇ ಬಾಜೀರಾವ್ 1807ರಲ್ಲಿ ಎರಡು ಲಕ್ಷ ರೂಪಾಯಿ ಹಾಕಿ ಕಟ್ಟಿಸಿದ ಮನೆ ಇದು. ಪುಣೆಯಲ್ಲೇ ಇರುವ, ಪೇಶ್ವೆಗಳ ಮುಖ್ಯ ನೆಲೆಯಾಗಿದ್ದ ಶನಿವಾರವಾಡೆಯ ಅರಮನೆ 1828ರಲ್ಲಿ ಸುಟ್ಟುಹೋಯಿತು. ಅಲ್ಲೀಗ ಉಳಿದಿರುವುದು ಕೋಟೆಗೋಡೆ, ಬಾಗಿಲು, ಅಡಿಪಾಯ. ಪೇಶ್ವೆ ಕಾಲದ ಮರಗೆಲಸ ಕಣ್ತುಂಬ ನೋಡಬೇಕಂದ್ರೆ ವಿಶ್ರಾಮಬಾಗಿಗೇ ಬರಬೇಕು.

ಮೊದಲು ಫೋನಿನಲ್ಲಿ ಫೋಟೋ ತೆಗೆದು ಮನೆಯಲ್ಲಿ ಕೂತು ಬಿಡಿಸಿದೆ. ಕೆಟ್ಟಿತು. ಕಂಬ ಪೈಪಿನ ಹಾಗೆ ಕಾಣುತ್ತಿತ್ತು. ಮರುವಾರ ಬೆಳಿಗ್ಗೆ ಬೇಗ ಹೋಗಿ ಕಂಬದ ಎದುರೇ ಕೂತೆ. ಆಗ ತಿಳಿಯಿತು, ಸಾಗವಾನಿ ಕಂಬ ಬುಡದಲ್ಲಿ ದಪ್ಪ, ಮೇಲೆ ಹೋದ ಹಾಗೆ ಸಣ್ಣ. ಮೈತುಂಬ ಉದ್ದುದ್ದ ಗೆರೆ. ಸುರು ಮರದ, ಅಂದರೆ ಸೈಪ್ರೆಸ್ ಮರದ ಹಾಗೆ ಕೆತ್ತಿದ್ದಾರೆ ಅಂತ ಇಲ್ಲಿಯವರು ಹೇಳುತ್ತಾರೆ. ಕಂಬದ ನೆತ್ತಿಯಲ್ಲಿ ಬಾಳೆಹೂವು ತಲೆ ಕೆಳಗಾಗಿ ತೂಗುತ್ತದೆ. ಒಂದು ಹೂವು ಬಿಡಿಸಲು ನನಗೆ ಎರಡು ಗಂಟೆ ಹಿಡಿಯಿತು.

ಕಂಬಗಳ ನಡುವಿನ ಕಮಾನೇ ಕಷ್ಟವಾಗಿದ್ದು. ಕಲ್ಲಿನ ಕಮಾನಿನ ಹಾಗೆ ಅದೇ ಭಾರ ಹೊತ್ತಿದೆ ಅಂದುಕೊಂಡು ಬಿಡಿಸಿದ್ದೆ. ಅಪ್ಪ ಊರಲ್ಲಿ ಬಡಿಗತನ ಮಾಡಿದವರು. ವಾಟ್ಸಾಪಿನಲ್ಲಿ ಚಿತ್ರ ಕಳಿಸಿದೆ. ಕೂಡಲೇ ಫೋನ್ ಬಂತು. "ತಮ್ಮಾ, ಅದು ಕಮಾನಲ್ಲ, ಬರೇ ಹಲಗಿ. ಭಾರ ಹೊರೂದು ತೊಲಿ. ಕಂಬದ ಮ್ಯಾಲ ಏನೈತಿ ನೋಡು." ಮತ್ತೆ ಹೋಗಿ ನೋಡಿದೆ. ಮಾಳಿಗೆ ಹೊರುವ ಜಂತಿಯ ಭಾರ ತೊಲೆಗೆ, ತೊಲೆಯಿಂದ ಕಂಬದ ತಲೆಯ ಮೇಲಿನ ಅಡ್ಡಮರವಾದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ. ಕಮಾನು ಬರೀ ಚೆಂದಕ್ಕೆ. ಇಷ್ಟು ಗೊತ್ತಾದ ಮೇಲೆ ಇಡೀ ವಾಡೆಯನ್ನು ನೋಡುವ ಕಣ್ಣೇ ಬದಲಾಯಿತು.

ಸೋತ ಪೇಶ್ವೆಯನ್ನು ಕಾನ್ಪುರದ ಹತ್ತಿರದ ಬಿಠೂರಿಗೆ ಕಳಿಸಿದ ಮೇಲೆ, 1821ರಲ್ಲಿ, ಇಂಗ್ಲಿಷರು ಇಲ್ಲೇ ಸಂಸ್ಕೃತ ಪಾಠಶಾಲೆ ತೆರೆದರು. 1879ರಲ್ಲಿ ಬೆಂಕಿ ಬಿತ್ತು, ಸುಟ್ಟ ಭಾಗವನ್ನು ಮತ್ತೆ ಕಟ್ಟಿದರು. ಮುಂದೆ ಪಾಲಿಕೆಯ ಕಚೇರಿ, ಅಂಚೆ ಕಚೇರಿ, ಪುಣೆಯ ಕತೆ ಹೇಳುವ ಪ್ರದರ್ಶನ, ಎಲ್ಲಕ್ಕೂ ಇದೇ ಜಾಗವಾಯಿತು. ಜನ ಬೋರ್ಡು ಓದಿ ಮುಂದೆ ಹೋಗುತ್ತಾರೆ. ನನಗಂತೂ ಅಲ್ಲಿನ ದೊಡ್ಡ ವಸ್ತು ಆ ಕಂಬಗಳೇ.

ಮೂರನೇ ಸಲ ಬಿಡಿಸಿದ ನಕ್ಷೆಯಲ್ಲಿ ಕಂಬ, ಬೋದಿಗೆ, ತೊಲೆ, ಜಂತಿ ಅಂತ ಕನ್ನಡದಲ್ಲೇ ಹೆಸರು ಬರೆದೆ. ಇಲ್ಲಿನ ಕನ್ನಡದ ಗೆಳೆಯರನ್ನು ಕರೆದುಕೊಂಡು ಹೋದಾಗ ಅದನ್ನೇ ಹಿಡಿದು ತೋರಿಸಿದೆ. ಬಾಗಿಲ ಮೇಲಿನ ಕೆತ್ತನೆಯ ಬಾಲ್ಕನಿ ಇನ್ನೂ ಬಾಕಿ ಇದೆ. ದೀಪಾವಳಿಗೆ ಅಪ್ಪ ಬರುತ್ತಾರೆ. ಅವರು ಬಂದು ನೋಡುವ ತನಕ ಅದಕ್ಕೆ ಪೆನ್ಸಿಲ್ ಹಚ್ಚುವುದಿಲ್ಲ.