ಒಂಬತ್ತು ಕೊರತೆ, ಒಂದು ನೋಟ್‌ಬುಕ್: ಮೂಡಿಗೆರೆಯಲ್ಲಿ ಕೂತು ಬೊಹೀಮಿಯಾ ದಾಟಿದ್ದು

ಮಳೆಗಾಲ ಹಿಡಿಯುವ ಹೊತ್ತಿಗೆ ಶುರು ಮಾಡಿದ್ದೆ. ಅರೇಬಿಕಾ ಕೊಯ್ಲಿಗೆ ಆಳುಗಳು ಬರುವ ಮುಂಚೆ ಮುಗಿಸಿದೆ. ಕಿಂಗ್‌ಡಮ್ ಕಮ್ ಡೆಲಿವರೆನ್ಸ್ ಅನ್ನುವ ಕಂಪ್ಯೂಟರ್ ಆಟ, ಕಥೆ ನಡೆಯುವುದು ಬೊಹೀಮಿಯಾದಲ್ಲಿ, ಅಂದರೆ ಈಗಿನ ಚೆಕ್ ದೇಶದಲ್ಲಿ. ಅದರ ತೀರಾ ಕಷ್ಟದ ಹಾರ್ಡ್‌ಕೋರ್ ಮೋಡ್, ಒಂಬತ್ತು ನೆಗೆಟಿವ್ ಪರ್ಕ್‌ಗಳನ್ನೂ, ಅಂದರೆ ಹೀರೋಗೆ ಅಂಟುವ ಕೊರತೆಗಳನ್ನೂ, ಹಾಕಿಕೊಂಡು. ಎಲ್ಲಾ ಸೇರಿ ನೂರ ನಲವತ್ತು ಗಂಟೆ ಆಗಿರಬಹುದು. ಸಂಜೆ ಮಸ್ಟರ್ (ಆಳುಗಳ ಹಾಜರಿ) ಬರೆದು, ಸ್ನಾನ ಮಾಡಿ, ಊಟಕ್ಕೆ ಮುಂಚೆ ಒಂದು ಗಂಟೆ, ಊಟ ಆದ ಮೇಲೆ ಒಂದು ಗಂಟೆ. ನಾನು ಕಾಫಿ ತೋಟದ ರೈಟರ್, ಆಳುಗಳ ಕೆಲಸ ನೋಡಿಕೊಳ್ಳುವವನು. ಬೆಳಿಗ್ಗೆ ಏಳಕ್ಕೆ ಆಳುಗಳ ಮುಂದೆ ನಿಂತಿರಬೇಕು. ಹಾಗಾಗಿ ರಾತ್ರಿಯಿಡೀ ಕೂರುವ ಹಾಗಿಲ್ಲ.

ಶುರು ಮಾಡುವಾಗ ಯಾರೂ ನಂಬಲಿಲ್ಲ. ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ ನನ್ನ ಕಂಪ್ಯೂಟರ್ ನೋಡಿ, "ಈ ಡಬ್ಬದಲ್ಲಿ ಅದು ಓಡಲ್ಲ ಮಾರಾಯ" ಅಂದ. ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗ, "ಮಾವ, ಎರಡು ಪರ್ಕ್ ಹಾಕ್ಕೊಂಡು ಮುಗಿಸಿದ್ರೆ ಸಾಕು, ಒಂಬತ್ತೂ ಹಾಕ್ಕೊಂಡ್ರೆ ತಲೆ ಕೆಡುತ್ತೆ" ಅಂದ. ಅವನು ಎರಡು ಹಾಕಿಕೊಂಡೇ ಅರ್ಧಕ್ಕೆ ಬಿಟ್ಟವನು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಮೊದಲ ಪ್ರಯತ್ನವೂ ಮೂವತ್ತೈದು ಗಂಟೆಗೆ ನಿಂತುಹೋಗಿತ್ತು.

ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಆಫೀಸ್‌ಗಳಿಂದ ಹೊರಬಂದ ಸ್ಲಿಮ್ ಡೆಸ್ಕ್‌ಟಾಪ್, ಐ5 ನಾಲ್ಕನೇ ತಲೆಮಾರು, ಸೆಕೆಂಡ್ ಹ್ಯಾಂಡ್ ಒಂಬತ್ತು ಸಾವಿರ. ರ‍್ಯಾಮ್ ಎಂಟರಿಂದ ಹದಿನಾರಕ್ಕೆ ಏರಿಸಲು ಸಾವಿರದ ಎಂಟುನೂರು. ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಅಳತೆ ನೋಡದೆ ಗ್ರಾಫಿಕ್ಸ್ ಕಾರ್ಡ್ ತಂದೆ. ಮನೆಗೆ ಬಂದು ಬಿಚ್ಚಿದರೆ ಕ್ಯಾಬಿನೆಟ್ ಮುಚ್ಚಳವೇ ಕೂರಲಿಲ್ಲ. ಅದಕ್ಕೆ ಬೇಕಾದ ಪವರ್ ವೈರ್ ಕೂಡ ಈ ಸಪ್ಲೈನಲ್ಲಿ ಇಲ್ಲ. ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಸಾವಿರದ ಐನೂರು ಕಳೆದುಕೊಂಡು ಬೇರೆಯವರಿಗೆ ಮಾರಿದೆ. ಕೊನೆಗೆ 1050 ಟಿಐ, ಗಿಡ್ಡ ಸೈಜಿನದು, ಬೋರ್ಡಿನಿಂದಲೇ ಕರೆಂಟ್ ತೆಗೆದುಕೊಳ್ಳುವಂಥದ್ದು, ಆರೂವರೆ ಸಾವಿರಕ್ಕೆ ಸಿಕ್ಕಿತು. ಆಟ ಮಾತ್ರ ಸೇಲ್‌ನಲ್ಲಿ ಮುನ್ನೂರು ರೂಪಾಯಿ ಒಳಗೇ ಬಂತು.

ಎಪ್ಪತ್ತು ಜಿಬಿ ಇಳಿಸಿಕೊಳ್ಳುವಷ್ಟು ನೆಟ್ ನಮ್ಮ ಗುಡ್ಡದಲ್ಲಿ ಇಲ್ಲ. ಅದೇ ಅಕ್ಕನ ಮಗ, ನನ್ನ ಅಳಿಯ, ಗೌರಿ ಹಬ್ಬಕ್ಕೆ ಬಂದಾಗ ಅವನ ಡಿಸ್ಕಿನಲ್ಲಿ ಫೋಲ್ಡರ್ ತರಿಸಿಕೊಂಡು ನನ್ನ ಅಕೌಂಟಿಗೆ ಜೋಡಿಸಿದೆ. ಹಳೇ ಹಾರ್ಡ್ ಡಿಸ್ಕಿನಲ್ಲಿ ಹಾಕಿ ಆಡಿದರೆ ಜನರ ಮುಖ ತಡವಾಗಿ ಬರುತ್ತಿತ್ತು. ಬರೀ ಮುಖ ಆದರೆ ಸಹಿಸಬಹುದು. ಹೊಡೆದಾಟದ ನಡುವೆ ಅರ್ಧ ಸೆಕೆಂಡ್ ನಿಂತರೆ ತಲೆ ಹೋದಂತೆಯೇ. 240 ಜಿಬಿ ಎಸ್‌ಎಸ್‌ಡಿ ಹಾಕಿದ ಮೇಲೆ ಸರಿಹೋಯಿತು. ಮೀಡಿಯಂ ಸೆಟ್ಟಿಂಗ್, ನೆರಳು ಲೋ, 1600x900. ಆಟದ ಕಾಡಿನಲ್ಲಿ ಸೆಕೆಂಡಿಗೆ ಮೂವತ್ತೈದು ಫ್ರೇಮ್, ಆಟದ ರಾಟೈ ಪೇಟೆಯೊಳಗೆ ಇಪ್ಪತ್ತೈದು. ಇಷ್ಟಿದ್ದರೆ ಆಡಬಹುದು, ನಾನು ಆಡಿ ತೋರಿಸಿದ್ದೇನೆ.

ನನ್ನ ಮೊದಲ ಪ್ರಯತ್ನ ಕೆಟ್ಟಿದ್ದು ಕತ್ತಿಯಿಂದ ಅಲ್ಲ, ಕರೆಂಟಿನಿಂದ. ಈ ಆಟದಲ್ಲಿ ಬೇಕೆಂದಾಗ ಸೇವ್ ಮಾಡಿ ಆಟ ಮುಂದುವರಿಸಲು ಬರುವುದಿಲ್ಲ. ಒಂದೋ ನಮ್ಮ ಹಾಸಿಗೆಯಲ್ಲಿ ಮಲಗಬೇಕು, ಇಲ್ಲವೇ ಆಟದೊಳಗಿನ ಸೇವಿಯರ್ ಷ್ನಾಪ್ಸ್ ಅನ್ನುವ ಮದ್ಯ ಕುಡಿಯಬೇಕು. ಆಟದ ಸಾಸಾವ್ ಊರಿನ ಮಠದೊಳಗೆ ಸೇರಿಕೊಂಡು ಗಂಟೆ ಹೊಡೆದ ಹಾಗೆ ಎದ್ದು ಕೂತು ಮಾಡುತ್ತಾ ಎರಡು ಮೂರು ಗಂಟೆ ಕಳೆದಿದ್ದೆ. ಹೊರಗೆ ಗಾಳಿ ಮಳೆ. ಎಲ್ಲೋ ಲೈನ್ ಮೇಲೆ ಮರ ಬಿತ್ತು. ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ಆದರೂ ಕಂಪ್ಯೂಟರ್ ಆರಿ ಮತ್ತೆ ಹತ್ತಿತು. ಅಷ್ಟೂ ಆಟ ಹೋಯಿತು. ಅವತ್ತು ಬಿಟ್ಟವನು ಮತ್ತೆ ಆರು ತಿಂಗಳು ಮುಟ್ಟಲಿಲ್ಲ.

ಇನ್ವರ್ಟರ್ ಇದ್ದೂ ಯಾಕೆ ಆರಿತು ಅಂತ ತುಂಬಾ ದಿನ ತಲೆ ಕೆಡಿಸಿಕೊಂಡೆ. ಆರುನೂರು ವಿಎ ಯುಪಿಎಸ್ ಒಂದನ್ನು ಮೂರು ಸಾವಿರ ಕೊಟ್ಟು ತಂದೆ. ಎಂಟು ನಿಮಿಷ ನಿಲ್ಲುತ್ತಿತ್ತು. ಸೇವ್ ಮಾಡಿ ಆಟದಿಂದಲೇ ಹೊರಬರುವ ದಾರಿ ಒಂದು ಇದೆ, ಅದಕ್ಕೆ ಇಷ್ಟು ಸಾಕು. ಆಮೇಲೆ ಒಂದು ದಿನ ಧೂಳು ಒರೆಸುವಾಗ ಇನ್ವರ್ಟರಿನ ಹಿಂದೆ ಸಣ್ಣ ಸ್ವಿಚ್ ಕಾಣಿಸಿತು. ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ಅದು ನಾರ್ಮಲ್‌ನಲ್ಲಿತ್ತು. ಯುಪಿಎಸ್ ಕಡೆ ತಳ್ಳಿದೆ. ಮೇನ್ ಸ್ವಿಚ್ ಹತ್ತು ಸಲ ಆರಿಸಿ ನೋಡಿದೆ, ಒಂದು ಸಲವೂ ಕಂಪ್ಯೂಟರ್ ಆರಲಿಲ್ಲ. ಮೂರು ಸಾವಿರ ಸುಮ್ನೆ ಹೋಯಿತು. ಮಲೆನಾಡಿನಲ್ಲಿ ಕೂತು ಈ ಆಟ ಆಡುವವರು ಮೊದಲು ಆ ಸ್ವಿಚ್ ನೋಡಿ, ಆಮೇಲೆ ಬೇರೆ ಮಾತು.

ಥಂಡಿಗೂ ಒಂದು ಪ್ರಯೋಗ ಮಾಡಿದೆ. ಜುಲೈನಲ್ಲಿ ಬೆಲ್ಟಿನ ಮೇಲೂ ಬೂಷ್ಟು ಬರುವ ಊರು ನಮ್ಮದು. ಬಟ್ಟೆ ಬೀರುವಿನಲ್ಲಿ ಬಲ್ಬ್ ಉರಿಸುವ ಹಾಗೆ ಟೇಬಲ್ ಕೆಳಗೆ, ಕ್ಯಾಬಿನೆಟ್ ಪಕ್ಕ, ನಲವತ್ತು ವ್ಯಾಟಿನ ಹಳೇ ಬಲ್ಬ್ ಹಾಕಿದೆ. ಆಡುವಾಗ ಆರಿಸುವುದು, ಆಡದಾಗ ಹಚ್ಚುವುದು. ಆ ಮಳೆಗಾಲದಲ್ಲಿ ಒಂದು ಸಲವೂ ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಬೇಕಾಗಲಿಲ್ಲ. ಮುಂಚೆ ತಿಂಗಳಿಗೊಮ್ಮೆ ಉಜ್ಜುತ್ತಿದ್ದೆ.

ಈಗ ನನ್ನ ವಿಧಾನ. ಹಾರ್ಡ್‌ಕೋರ್‌ನಲ್ಲಿ ಮ್ಯಾಪ್ ಇದೆ, ನಾವು ಎಲ್ಲಿದ್ದೇವೆ ಅಂತ ತೋರಿಸುವುದಿಲ್ಲ. ಕಂಪಾಸಿನಲ್ಲಿ ದಿಕ್ಕಿಲ್ಲ. ಒಂದೂರಿಂದ ಇನ್ನೊಂದೂರಿಗೆ ಹಾರಿ ಹೋಗುವ ಫಾಸ್ಟ್ ಟ್ರಾವೆಲ್ ಇಲ್ಲ. ಇಡೀ ಮ್ಯಾಪ್ ಸುಮಾರು 16 ಚದರ ಕಿಲೋಮೀಟರ್ ಅನ್ನುತ್ತಾರೆ. ಎಕರೆಯಲ್ಲಿ ಹೇಳಿದರೆ ನಾಲ್ಕು ಸಾವಿರದ ಹತ್ತಿರ. ನಾನು ನೋಡಿಕೊಳ್ಳುವ ತೋಟ 120 ಎಕರೆ. ಅದನ್ನೇ ನಾವು ಒಟ್ಟಾಗಿ ನೋಡುವುದಿಲ್ಲ, ಬ್ಲಾಕ್ ಮಾಡಿಕೊಂಡು ನೋಡುತ್ತೇವೆ. ಹಳ್ಳದ ಬ್ಲಾಕ್, ಬಂಡೆ ಬ್ಲಾಕ್, ಹಳೇ ನರ್ಸರಿ ಬ್ಲಾಕ್. ಹೊಸ ರೈಟರ್ ಬಂದರೆ ಒಂದು ಬ್ಲಾಕಿನ ಗಡಿ ಕಣ್ಣುಮುಚ್ಚಿ ಹೇಳುವ ತನಕ ಮುಂದಿನದಕ್ಕೆ ಕಳಿಸುವುದಿಲ್ಲ. ಬೊಹೀಮಿಯಾಕ್ಕೂ ಇದನ್ನೇ ಮಾಡಿದೆ.

ಮಸ್ಟರ್ ಬರೆಯುವ ಉದ್ದ ನೋಟ್‌ಬುಕ್ ಒಂದನ್ನು ತೆಗೆದುಕೊಂಡು ಮ್ಯಾಪನ್ನು ಹದಿನಾಲ್ಕು ಬ್ಲಾಕ್ ಮಾಡಿದೆ. ಪ್ರತಿ ಬ್ಲಾಕಿಗೆ ಮೂರು ವಿಷಯ ಬರೆಯಬೇಕು: ಹಾಸಿಗೆ, ಪಾತ್ರೆ, ಗುರುತು. ಹಾಸಿಗೆ ಅಂದರೆ ದುಡ್ಡು ಕೊಟ್ಟೋ ಸ್ವಂತಕ್ಕೋ ಮಲಗಿ ಸೇವ್ ಮಾಡುವ ಜಾಗ. ಪಾತ್ರೆ ಅಂದರೆ ಒಲೆಯ ಮೇಲೆ ಕುದಿಯುತ್ತಿರುವ ಅಡುಗೆ. ಯಾರ ಮನೆಯ ಪಾತ್ರೆಯಿಂದ ತಿಂದರೂ ಕಳ್ಳತನ ಅಲ್ಲ, ದುಡ್ಡೂ ಇಲ್ಲ. ಟೇಪ್‌ವರ್ಮ್ ಪರ್ಕ್ ಹಾಕಿಕೊಂಡವನಿಗೆ ಹೊಟ್ಟೆ ಸದಾ ಖಾಲಿ, ಹಾಗಾಗಿ ಪಾತ್ರೆ ಗೊತ್ತಿಲ್ಲದೆ ಉಳಿಗಾಲ ಇಲ್ಲ. ಗುರುತು ಅಂದರೆ ದಾರಿ ಬದಿಯ ಶಿಲುಬೆ, ಇದ್ದಲು ಸುಡುವವರ ಗುಡಿಸಲು, ಒಂಟಿ ಮರ, ಸೇತುವೆ. ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ನಿಮಿಷ ಅಂತ ಗೋಡೆ ಗಡಿಯಾರ ನೋಡಿ ಬರೆದೆ. ರಾಟೈಯಿಂದ ಉಜಿಟ್ಸ್ ಅನ್ನುವ ಹಳ್ಳಿಗೆ ನಡೆದರೆ ಹತ್ತು ನಿಮಿಷದ ಆಸುಪಾಸು. ರಾಟೈ ಕೆಳಗಿನ ನದಿ ಹಿಡಿದು ನೀರು ಹರಿಯುವ ಕಡೆ ಹೋದರೆ ಲೆಡೆಚ್ಕೊ, ಇನ್ನೂ ಮುಂದೆ ಸಾಸಾವ್. ನದಿ ಗೊತ್ತಿದ್ದರೆ ಅರ್ಧ ಮ್ಯಾಪ್ ಗೊತ್ತಿದ್ದ ಹಾಗೆ.

ಮೂರೂ ತುಂಬದ ಬ್ಲಾಕಿನಿಂದ ಮುಂದಿನ ಬ್ಲಾಕಿಗೆ ಕಾಲಿಡಬಾರದು. ಕಥೆ ಎಷ್ಟೇ ಕರೆಯಲಿ, ಹೋಗಬಾರದು. ಅಳಿಯ ಇದನ್ನು ಕೇಳಿ ನಕ್ಕಿದ್ದ.

ಅವನ ನಗು ನಿಂತಿದ್ದು ನಿದ್ದೆ ನಡಿಗೆಯ ವಿಷಯದಲ್ಲಿ. ಸೋಮ್ನಾಂಬುಲಂಟ್ ಪರ್ಕ್ ಇದ್ದರೆ ಆಟದ ಹೀರೋ ಹೆನ್ರಿ ಒಮ್ಮೊಮ್ಮೆ ಮಲಗಿದ ಜಾಗದಲ್ಲಿ ಏಳುವುದಿಲ್ಲ, ಎಲ್ಲೋ ಏಳುತ್ತಾನೆ. ಒಂದು ಸಲ ಉಜಿಟ್ಸ್‌ನಲ್ಲಿ ಮಲಗಿಸಿದೆ. ಎದ್ದಾಗ ಸುತ್ತ ಕಾಡು, ಕತ್ತಲೆ, ಆಟದೊಳಗೂ ಮಳೆ, ನಮ್ಮ ಹಂಚಿನ ಮೇಲೂ ಮಳೆ. ಹೆಡ್‌ಫೋನ್ ತೆಗೆದು ಯಾವ ಮಳೆ ಯಾವುದು ಅಂತ ನೋಡಬೇಕಾಯಿತು. ಅಳಿಯ ಪಕ್ಕದಲ್ಲೇ ಕೂತಿದ್ದ. "ಹೋಯ್ತು ಮಾವ" ಅಂದ. ನಾನು ಪಂಜು ಹಚ್ಚಲಿಲ್ಲ, ಹಚ್ಚಿದರೆ ದರೋಡೆಕೋರರಿಗೆ ಕಾಣುತ್ತದೆ. ಇಳಿಜಾರು ಹಿಡಿದು ಇಳಿದೆ. ಹಳ್ಳ ಸಿಕ್ಕಿತು. ಹಳ್ಳದ ಪಕ್ಕ ಗಾಡಿ ಜಾಡು, ಜಾಡಿನ ತುದಿಯಲ್ಲಿ ಶಿಲುಬೆ. ಅದರ ಒಂದು ತೋಳು ಸ್ವಲ್ಪ ವಾಲಿತ್ತು. ನೋಟ್‌ಬುಕ್ ತೆಗೆದು ಐದನೇ ಬ್ಲಾಕಿನ ಪುಟ ತೋರಿಸಿದೆ. "ವಾಲಿದ ಶಿಲುಬೆ, ಎಡಕ್ಕೆ, ಉಜಿಟ್ಸ್ ಐದು ನಿಮಿಷ." ಐದಕ್ಕೆ ಬದಲು ಆರು ನಿಮಿಷಕ್ಕೆ ಊರಿನ ಬೇಲಿ ಕಂಡಿತು. ಮೊದಲ ಮನೆಯ ಪಾತ್ರೆಯಲ್ಲಿ ಕೈ ಹಾಕಿದೆ. ಅವನು ಆ ರಾತ್ರಿಯೇ ನೋಟ್‌ಬುಕ್ ಕೇಳಿದ, ಕೊಡಲಿಲ್ಲ.

ಹೊಡೆದಾಟಕ್ಕೆ ಬಂದರೆ, ಮೊದಲ ಪ್ರಯತ್ನದಲ್ಲಿ ಒಂದೇ ದಾರಿ ತಿರುವಿನಲ್ಲಿ ಕುಮನ್ನರ (ಸಿಗಿಸ್ಮಂಡ್ ಕಡೆಯ ಬಾಡಿಗೆ ಸೈನಿಕರು) ಕೈಗೆ ಮೂರು ಸಲ ಸತ್ತಿದ್ದೆ. ಎರಡನೇ ಸಲ ಒಂದು ಕಟ್ಟುನಿಟ್ಟು ಮಾಡಿಕೊಂಡೆ. ರಾಟೈ ಅಂಗಳದಲ್ಲಿ ಕತ್ತಿ ಕಲಿಸುವ ಕ್ಯಾಪ್ಟನ್ ಬರ್ನಾರ್ಡ್ ಜೊತೆ ಮರದ ಕತ್ತಿ ಹಿಡಿದು ದಿನಕ್ಕೆ ಅರ್ಧ ಗಂಟೆ. ಹಾಗೆ ಮೂರು ವಾರ. ನಂಬ್‌ಸ್ಕಲ್ ಪರ್ಕ್ ಇರುವುದರಿಂದ ಅನುಭವ ನಿಧಾನಕ್ಕೆ ಏರುತ್ತದೆ, ಅದಕ್ಕೇ ಇಷ್ಟು ದಿನ. ಐದು ದಿಕ್ಕಿನ ಹೊಡೆತ, ಒಂದು ಚುಚ್ಚು, ಇದೆಲ್ಲ ನಿಮಗೆ ಬರುತ್ತದೆ. ನಾನು ಕಲಿತಿದ್ದು ಒಂದೇ: ಎದುರಾಳಿಯ ಕತ್ತಿ ನೋಡಬಾರದು, ಭುಜ ನೋಡಬೇಕು. ಭುಜ ಹಿಂದೆ ಸರಿದು ಮುಂದೆ ಬರುವ ಹೊತ್ತಿಗೆ ಏಟು ತಡೆಯುವ ಕ್ಯೂ ಕೀ ಒತ್ತಬೇಕು. ಕತ್ತಿ ನೋಡಿ ಒತ್ತಿದರೆ ಯಾವಾಗಲೂ ತಡ. ನಾಲ್ಕನೇ ವಾರ ಬರ್ನಾರ್ಡ್‌ನಿಂದ ಸತತ ಹನ್ನೆರಡು ಹೊಡೆತ ತಡೆದೆ. ಆ ಮೇಲೆ ರಾಟೈ ಬಿಟ್ಟು ಹೊರಟೆ.

ಕತ್ತಿಯನ್ನು ಬಿಟ್ಟು ಗದೆ ಹಿಡಿದಿದ್ದು ಇನ್ನೊಂದು ಒಳ್ಳೆಯ ಕೆಲಸ. ಕತ್ತಿ ನೋಡಲು ಚಂದ. ಆದರೆ ಹತ್ತಿ ತುಂಬಿದ ಅಂಗಿ, ಅದರ ಮೇಲೆ ಸರಪಳಿ ಅಂಗಿ, ಅದರ ಮೇಲೆ ತಗಡು ಹಾಕಿದವನಿಗೆ ಕತ್ತಿ ಏನೂ ಮಾಡುವುದಿಲ್ಲ. ಗದೆ ತಲೆಗೆ ಬಿದ್ದರೆ ಎರಡೇ ಏಟು. ಹಿಮೋಫೀಲಿಯಾ ಪರ್ಕ್ ಇದ್ದು ನಮಗೆ ರಕ್ತ ಜಾಸ್ತಿ ಸುರಿಯುವಾಗ ಹೊಡೆದಾಟ ಬೇಗ ಮುಗಿಯಬೇಕು, ಅಲ್ವಾ?

ಬಿಲ್ಲಿನ ಪ್ರಯೋಗ ಒಂದಿದೆ. ಬಿಲ್ಲು ಎಳೆದಾಗ ಗುರಿ ಚುಕ್ಕಿ ಇರುವುದಿಲ್ಲ. ಅಕ್ಕನ ಹತ್ತಿರ ಸಾಸಿವೆ ಗಾತ್ರದ ಸ್ಟಿಕ್ಕರ್ ಬಿಂದಿ ಇಸಕೊಂಡು ಮಾನಿಟರಿನ ನಟ್ಟನಡುವೆ ಅಂಟಿಸಿದೆ. ಹತ್ತು ಹದಿನೈದು ಹೆಜ್ಜೆ ದೂರದ ಮೊಲಕ್ಕೆ ಚೆನ್ನಾಗಿ ಕೆಲಸ ಮಾಡಿತು. ದೂರದ ಜಿಂಕೆಗೆ ಮಾಡಲಿಲ್ಲ, ಬಾಣ ಕೆಳಗೆ ಬೀಳುತ್ತದೆ. ಬಿಂದಿಯ ಕೆಳಗೆ ಪೆನ್ನಿನಲ್ಲಿ ಇನ್ನೆರಡು ಗೆರೆ ಎಳೆದೆ. ಕೈ ನಡುಗುವ ಪರ್ಕ್ ಬೇರೆ ಇತ್ತು. ಎರಡು ವಾರ ಕಷ್ಟಪಟ್ಟು ಕಿತ್ತು ಹಾಕಿದೆ, ಬಿಲ್ಲನ್ನೂ ಬಿಟ್ಟೆ.

ಆಟದೊಳಗಿನ ದುಡ್ಡು ಬಂದಿದ್ದು ಗಿಡಗಳಿಂದ. ಉಜಿಟ್ಸ್‌ನಲ್ಲಿ ಬರಹಗಾರನ ಹತ್ತಿರ ಮೊದಲು ಓದಲು ಕಲಿಯಿರಿ. ಅಕ್ಷರ ಬರದೆ ಮದ್ದು ಮಾಡುವ ಆಲ್ಕೆಮಿ ಪುಸ್ತಕ ಅರ್ಥವಾಗುವುದಿಲ್ಲ, ಅಕ್ಷರಗಳೆಲ್ಲ ಕಲಸಿದ ಹಾಗೆ ಕಾಣುತ್ತವೆ. ಷ್ನಾಪ್ಸ್‌ಗೆ ಬೇಕಾಗಿದ್ದು ವೈನ್, ಎರಡು ಹಿಡಿ ನೆಟಲ್, ಒಂದು ಬೆಲ್ಲಡೋನಾ ಅನ್ನುವ ಗಿಡ. ನೆಟಲ್ ಅಂದರೆ ನಮ್ಮ ತುರಿಕೆ ಗಿಡದ ಜಾತಿಯದೇ. ತೋಟದಲ್ಲಿ ಅದು ಕಂಡರೆ ಆಳುಗಳು ದೂರ ಹೋಗುತ್ತಾರೆ, ಆಟದಲ್ಲಿ ನಾನು ಹುಡುಕಿಕೊಂಡು ಹೋದೆ. ಲೆಗ್ ಡೇ ಅನ್ನುವ ಒಳ್ಳೆಯ ಪರ್ಕ್ ತೆಗೆದುಕೊಂಡರೆ ಗಿಡ ಕಿತ್ತಷ್ಟೂ ಶಕ್ತಿ ಏರುತ್ತದೆ. ಒಂದು ಷ್ನಾಪ್ಸ್ ಕೊಂಡರೆ ನೂರರ ಹತ್ತಿರ ಗ್ರೋಶನ್ (ಆಟದ ನಾಣ್ಯ). ನಾವೇ ಮಾಡಿದರೆ ವೈನಿನ ದುಡ್ಡು ಮಾತ್ರ. ಬೆಲ್ಲಡೋನಾ ದಟ್ಟವಾಗಿ ಸಿಗುವ ಒಂದು ಜಾಗ ನನ್ನ ಒಂಬತ್ತನೇ ಬ್ಲಾಕಿನಲ್ಲಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ತಿದಿ ಒತ್ತುವುದು, ಮರಳು ಗಡಿಯಾರ ತಿರುಗಿಸುವುದು, ಕುಟ್ಟಾಣಿಯಲ್ಲಿ ಅರೆಯುವುದು, ಈ ಮೂರನ್ನೂ ನಾನು ಆಟೋ ಮಾಡದೆ ಕೈಯಲ್ಲೇ ಮಾಡಿದೆ. ಅದರಲ್ಲಿ ಸಿಗುವ ಖುಷಿ ಬೇರೆ.

ಕಥೆ ನಡೆಯುವುದು 1403ರಲ್ಲಿ. ಬೊಹೀಮಿಯಾದ ವೆನ್ಸೆಸ್ಲಾಸ್ ರಾಜನನ್ನು ಅವನ ಮಲತಮ್ಮ ಸಿಗಿಸ್ಮಂಡ್ ಹಿಡಿದಿಟ್ಟ ಕಾಲ. ಆಗ ನಮ್ಮ ಕಡೆ ವಿಜಯನಗರದ ಎರಡನೇ ಹರಿಹರ ಇನ್ನೂ ಆಳುತ್ತಿದ್ದ. ಹೊಯ್ಸಳರು ಹೋಗಿ ಅರ್ಧ ಶತಮಾನದ ಮೇಲಾಗಿತ್ತು. ಅವರ ಸೊಸೆವೂರು, ಅಂದರೆ ಈಗಿನ ಅಂಗಡಿ ಗ್ರಾಮ, ಇರುವುದು ನಮ್ಮ ತಾಲೂಕಿನಲ್ಲೇ. ಒಂದು ಭಾನುವಾರ ಬೇಲೂರಿಗೆ ಹೋದಾಗ ಸಳನ ವಿಗ್ರಹದ ಮುಂದೆ ತುಂಬಾ ಹೊತ್ತು ನಿಂತೆ. ಇಡೀ ಮೈಭಾರ ಹಾಕಿ ಮೃಗದ ಮೇಲೆ ಒರಗಿದ್ದಾನೆ. ಅವತ್ತಿನಿಂದ ಆಟದಲ್ಲಿ ಹಿಂದೆ ಸರಿಯುವುದನ್ನು ಕಡಿಮೆ ಮಾಡಿ ಮೈಗೆ ಮೈ ತಾಗಿಸಿ ತಳ್ಳುವುದನ್ನು ಜಾಸ್ತಿ ಮಾಡಿದೆ. ನನಗೆ ಇದರಿಂದ ನಿಜವಾಗಿಯೂ ಉಪಯೋಗ ಆಯಿತು.

ಪ್ರಿಬಿಸ್ಲಾವಿಟ್ಸ್ ಪಾಳು ಚರ್ಚಿನಲ್ಲಿ ದರೋಡೆಕೋರರ ನಾಯಕ ರಂಟ್ ಎದುರು ನಾಲ್ಕು ಸಲ ಸತ್ತೆ. ಐದನೇ ಸಲ ಗೆದ್ದೆ. ಹೇಗೆ ಅಂತ ನೋಟ್‌ಬುಕ್ಕಿನ ಕೊನೆಯ ಎರಡು ಪುಟದಲ್ಲಿದೆ. ಇಡೀ ಆಟ ಮುಗಿದಾಗ ರಾತ್ರಿ ಹತ್ತೂವರೆ ಆಗಿತ್ತು. ಗೆಳೆಯನಿಗೆ ಫೋಟೋ ಕಳಿಸಿದೆ. "ಆ ಡಬ್ಬದಲ್ಲೇನಾ?" ಅಂತ ಕೇಳಿದ. ಅದರಲ್ಲೇ.

ಎರಡನೇ ಭಾಗ 2025ರ ಫೆಬ್ರವರಿಯಲ್ಲಿ ಬಂದಿದೆ, ಅದಕ್ಕೂ ಹಾರ್ಡ್‌ಕೋರ್ ಏಪ್ರಿಲ್‌ನಲ್ಲಿ ಸೇರಿಸಿದರು. ನೂರು ಜಿಬಿ ಎಸ್‌ಎಸ್‌ಡಿ ಜಾಗ, ಗ್ರಾಫಿಕ್ಸ್ ಕಾರ್ಡ್ 1060 ಆದರೂ ಬೇಕು. ನನ್ನ ಸ್ಲಿಮ್ ಕ್ಯಾಬಿನೆಟ್‌ಗೆ ಅದು ಹಿಡಿಯುವುದಿಲ್ಲ. ಬೋನಸ್ ಬಂದ ಮೇಲೆ ಅಳತೆ ಟೇಪ್ ಹಿಡಿದುಕೊಂಡೇ ಅಂಗಡಿಗೆ ಹೋಗುತ್ತೇನೆ. ಅಷ್ಟರಲ್ಲಿ ಅಳಿಯ ದೀಪಾವಳಿಗೆ ಬಂದು ಮತ್ತೆ ನೋಟ್‌ಬುಕ್ ಕೇಳಿದ. ಒಂಬತ್ತೂ ಪರ್ಕ್ ಹಾಕಿಕೊಂಡು ಆಡುತ್ತಾನಂತೆ. ಕೊಟ್ಟೆ. ಒಂಬತ್ತನೇ ಬ್ಲಾಕ್ ಮತ್ತು ಕೊನೆಯ ಎರಡು ಪುಟಕ್ಕೆ ಸ್ಟೇಪ್ಲರ್ ಹೊಡೆದು ಕೊಟ್ಟೆ.