ರಾತ್ರಿ ಬಾಯಾಡಿಸುವ ಚಟ ಬಿಡಬೇಕೇ? ಹಗಲಿನಿಂದ ಶುರು ಮಾಡಿ

ರಾತ್ರಿ ಎಂಟರ ಮೇಲೆ ತಿಂದದ್ದೆಲ್ಲ ಕೊಬ್ಬಾಗಿ ಮೈಗೆ ಅಂಟಿಕೊಳ್ಳುತ್ತದೆ ಎನ್ನುವವರು ಎಲ್ಲ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಗಡಿಯಾರದ ಮುಳ್ಳು ಎಂಟು ದಾಟಿತು ಅಂತ ೧೦೦ ಕ್ಯಾಲರಿ ೨೦೦ ಆಗುವುದಿಲ್ಲ. ಸ್ಕಾಟ್ಲೆಂಡ್‌ನ ಆಬರ್ಡೀನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿ ೨೦೨೨ರಲ್ಲಿ ಫಲಿತಾಂಶ ಪ್ರಕಟಿಸಿದರು. ತೂಕ ಜಾಸ್ತಿ ಇದ್ದ ೩೦ ಮಂದಿಗೆ ನಾಲ್ಕು ವಾರ ಬೆಳಿಗ್ಗೆ ಹೆಚ್ಚು, ರಾತ್ರಿ ಕಡಿಮೆ ಊಟ ಕೊಟ್ಟರು. ಇನ್ನು ನಾಲ್ಕು ವಾರ ಬೆಳಿಗ್ಗೆ ಕಡಿಮೆ, ರಾತ್ರಿ ಹೆಚ್ಚು. ದಿನದ ಒಟ್ಟು ಕ್ಯಾಲರಿ ಎರಡರಲ್ಲೂ ಒಂದೇ. ಇಳಿದ ತೂಕವೂ ಹೆಚ್ಚುಕಡಿಮೆ ಒಂದೇ ಆಯಿತು. ಆದರೆ ಬೆಳಿಗ್ಗೆ ಹೊಟ್ಟೆ ತುಂಬ ತಿಂದ ವಾರಗಳಲ್ಲಿ ಹಸಿವು ಕಡಿಮೆ ಇತ್ತು.

ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆ ಪ್ರಯೋಗದಲ್ಲಿ ಊಟವನ್ನು ಅಳೆದು ಕೊಡುತ್ತಿದ್ದರು. ಮನೆಯಲ್ಲಿ ನಮಗೆ ಯಾರೂ ಅಳೆದು ಕೊಡುವುದಿಲ್ಲ. ಹಸಿವು ಎಷ್ಟು ಕೇಳುತ್ತದೋ ಅಷ್ಟು ಬಡಿಸಿಕೊಳ್ಳುತ್ತೇವೆ. ಹಾಗಾಗಿ ಹಸಿವನ್ನು ಹೆಚ್ಚಿಸುವ ಯಾವ ಅಭ್ಯಾಸವೂ ನಿಧಾನವಾಗಿ ತೂಕವನ್ನೂ ಹೆಚ್ಚಿಸುತ್ತದೆ.

ಅದೇ ವರ್ಷ ಬೋಸ್ಟನ್‌ನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯ ತಂಡ ೧೬ ಮಂದಿಯ ಮೇಲೆ ನಡೆಸಿದ ಪ್ರಯೋಗ ಈ ಹಸಿವಿನ ಕಥೆಯನ್ನು ಇನ್ನಷ್ಟು ಬಿಡಿಸಿ ಹೇಳಿತು. ಅದೇ ಊಟ, ಅಷ್ಟೇ ನಿದ್ದೆ. ತಿನ್ನುವ ಹೊತ್ತನ್ನು ಮಾತ್ರ ಸುಮಾರು ನಾಲ್ಕು ಗಂಟೆ ಮುಂದಕ್ಕೆ ಹಾಕಿದರು. ಹಸಿವಾಗುವ ಸಾಧ್ಯತೆ ಎರಡು ಪಟ್ಟಾಯಿತು. ‘ಹೊಟ್ಟೆ ತುಂಬಿದೆ, ಸಾಕು’ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನು ತಗ್ಗಿತು. ಎಚ್ಚರವಾಗಿದ್ದಾಗ ದೇಹ ಸುಡುವ ಕ್ಯಾಲರಿಯೂ ಸುಮಾರು ಶೇ ೫ರಷ್ಟು ಇಳಿಯಿತು.

ಸಕ್ಕರೆಯ ವಿಷಯದಲ್ಲಿ ಹೊತ್ತಿನ ಪರಿಣಾಮ ಇನ್ನೂ ನೇರ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ೨೦ ಮಂದಿ ಆರೋಗ್ಯವಂತರಿಗೆ ಒಂದೇ ಊಟವನ್ನು ಒಂದು ದಿನ ಸಂಜೆ ೬ಕ್ಕೆ, ಇನ್ನೊಂದು ದಿನ ರಾತ್ರಿ ೧೦ಕ್ಕೆ ಕೊಟ್ಟರು. ಎರಡೂ ದಿನ ೧೧ಕ್ಕೆ ಮಲಗಿಸಿದರು. ತಡವಾಗಿ ಉಂಡ ರಾತ್ರಿ ರಕ್ತದ ಸಕ್ಕರೆ ಸುಮಾರು ಶೇ ೧೮ರಷ್ಟು ಹೆಚ್ಚು ಏರಿತು. ರಾತ್ರಿಯಿಡೀ ಕರಗುವ ಕೊಬ್ಬು ಸುಮಾರು ಶೇ ೧೦ರಷ್ಟು ಕಡಿಮೆಯಾಯಿತು. ೨೦೨೦ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ನನಗೆ ಮುಖ್ಯ ಅನಿಸಿದ್ದು ಇನ್ನೊಂದು ಅಂಶ: ಬೇಗ ಮಲಗುವ ಅಭ್ಯಾಸ ಇದ್ದವರಲ್ಲೇ ಈ ಏರುಪೇರು ಜಾಸ್ತಿ. ಅಂದರೆ ಎಲ್ಲರಿಗೂ ಒಂದೇ ‘ಎಂಟು ಗಂಟೆ’ ಅಂತ ಇಲ್ಲ. ನೀವು ಮಲಗುವ ಹೊತ್ತಿಗೆ ಊಟ ಎಷ್ಟು ಹತ್ತಿರ ಅನ್ನುವುದೇ ಲೆಕ್ಕ.

ಕಾರಣ ನಮ್ಮೊಳಗಿನ ಗಡಿಯಾರ. ಅದು ಜೀವಕೋಶದ ಒಳಗೆ ಹೇಗೆ ನಡೆಯುತ್ತದೆ ಎಂದು ತೋರಿಸಿದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಷ್, ಮೈಕೆಲ್ ಯಂಗ್ ಅವರಿಗೆ ೨೦೧೭ರ ನೊಬೆಲ್ ಬಂತು. ಮಿದುಳಿನಲ್ಲಿ ಮಾತ್ರವಲ್ಲ, ಯಕೃತ್ತಿನಲ್ಲೂ ಮೇದೋಜೀರಕ ಗ್ರಂಥಿಯಲ್ಲೂ ಇಂಥ ಗಡಿಯಾರ ಇದೆ. ನಿದ್ದೆಯ ಹೊತ್ತು ಹತ್ತಿರ ಬಂದಂತೆ ಮೆಲಟೋನಿನ್ ಏರುತ್ತದೆ, ಅದರೊಟ್ಟಿಗೆ ಇನ್ಸುಲಿನ್ ಸುರಿಯುವ ವೇಗ ತಗ್ಗುತ್ತದೆ. ಆಗ ಬಂದ ಸಿಹಿಯನ್ನು ರಕ್ತದಿಂದ ಹೊರಗೆ ಸಾಗಿಸಲು ದೇಹ ಹೆಣಗಾಡುತ್ತದೆ.

ಇನ್ನು ಎದೆಯುರಿ. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಹುಳಿ ಮೇಲಕ್ಕೆ ಬರುತ್ತದೆ, ನಿದ್ದೆ ಕೆಡುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿನ ಸಂದಿಯಲ್ಲಿ ಉಳಿದ ಸಿಹಿ ಹುಳುಕಿಗೂ ದಾರಿ.

ಈಗ ಮಾಡಬೇಕಾದ್ದು.

ಹೆಜ್ಜೆ ೧: ಒಂದು ವಾರ ಸುಮ್ನೆ ಬರೆದಿಡಿ

ಏನನ್ನೂ ಬಿಡಬೇಡಿ, ಬದಲಿಸಬೇಡಿ. ರಾತ್ರಿ ಊಟದ ನಂತರ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ: ಎಷ್ಟು ಗಂಟೆಗೆ, ಏನು, ಏನು ಮಾಡುತ್ತಾ ತಿಂದಿರಿ, ಆಗ ಹಸಿವು ಹತ್ತಕ್ಕೆ ಎಷ್ಟಿತ್ತು. ‘೧೦:೪೦, ಚಿಪ್ಸ್, ಮೊಬೈಲ್ ನೋಡುತ್ತಾ, ಹಸಿವು ೨’ ಎಂಬ ಸಾಲು ಒಂದು ಕಥೆ ಹೇಳುತ್ತದೆ. ‘೯:೩೦, ನಾಲ್ಕು ಸ್ಲೈಸ್ ಬ್ರೆಡ್, ಅಡುಗೆಮನೆಯಲ್ಲಿ ನಿಂತೇ, ಹಸಿವು ೯, ಮಧ್ಯಾಹ್ನ ಊಟ ಮಾಡಿರಲಿಲ್ಲ’ ಎಂಬ ಸಾಲಿನದು ಬೇರೆಯೇ ಕಥೆ. ಮೊದಲನೆಯದು ಅಭ್ಯಾಸ, ಎರಡನೆಯದು ನಿಜವಾದ ಹಸಿವು. ಹಸಿದವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಹೇಳುವುದು ತಪ್ಪು. ಅವರಿಗೆ ಬೇಕಾದ್ದು ಊಟ.

ಹೆಜ್ಜೆ ೨: ಹಗಲಿನ ಊಟ ಸರಿಪಡಿಸಿ

ನನ್ನ ಪ್ರಕಾರ ಮುಕ್ಕಾಲು ಕೆಲಸ ಇರುವುದು ಇಲ್ಲೇ. ಎಷ್ಟೋ ಜನ ಬೆಳಿಗ್ಗೆ ಬರೀ ಕಾಫಿ ಕುಡಿದು ಹೊರಡುತ್ತಾರೆ, ಮಧ್ಯಾಹ್ನ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ತೂಕ ಇಳಿಸಬೇಕೆಂಬ ಹಟದಲ್ಲಿ ಬೇಕಂತಲೇ ಉಪವಾಸ ಇರುವವರೂ ಇದ್ದಾರೆ. ಹಗಲಲ್ಲಿ ಹೊಟ್ಟೆಗೆ ಉಳಿಸಿಕೊಂಡ ಸಾಲವನ್ನು ರಾತ್ರಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಆ ಹೊತ್ತಿಗೆ ಮೈ ದಣಿದಿರುತ್ತದೆ, ಬೇಡ ಅನ್ನುವ ಶಕ್ತಿ ಇರುವುದಿಲ್ಲ. ದಣಿದ ಮೈ ಸೊಪ್ಪು ತರಕಾರಿ ಕೇಳುವುದಿಲ್ಲ, ಎಣ್ಣೆ, ಉಪ್ಪು, ಸಕ್ಕರೆ ಇರುವುದನ್ನೇ ಕೇಳುತ್ತದೆ.

ಬೆಳಿಗ್ಗೆ, ಮಧ್ಯಾಹ್ನ ಎರಡೂ ಹೊತ್ತು ತಟ್ಟೆಯಲ್ಲಿ ಪ್ರೋಟೀನ್ ಇರಲಿ: ಮೊಟ್ಟೆ, ಕಾಳು, ಬೇಳೆ, ಹಾಲು, ಮೊಸರು, ಮೀನು, ಮಾಂಸ, ನಿಮಗೆ ಒಗ್ಗುವ ಯಾವುದಾದರೂ. ಅರ್ಧ ತಟ್ಟೆಯಷ್ಟು ತರಕಾರಿ ಬರಲಿ. ಪ್ರೋಟೀನ್ ಮತ್ತು ನಾರು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಸಂಜೆ ಐದರ ಸುಮಾರಿಗೆ ಒಂದು ಸಣ್ಣ ತಿಂಡಿಯನ್ನು ಲೆಕ್ಕ ಇಟ್ಟೇ ತಿನ್ನಿ. ಇದೊಂದರಿಂದಲೇ ರಾತ್ರಿ ಹತ್ತರ ಹುಡುಕಾಟ ನಿಂತವರು ಬಹಳ ಮಂದಿ.

ಹೆಜ್ಜೆ ೩: ಮಲಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ

ಕೊನೆಯ ಊಟಕ್ಕೂ ಹಾಸಿಗೆಗೂ ಎರಡರಿಂದ ಮೂರು ಗಂಟೆ ಅಂತರ ಇಡಿ. ಹನ್ನೊಂದಕ್ಕೆ ಮಲಗುವವರು ಎಂಟು, ಎಂಟೂವರೆಗೆ ಊಟ ಮುಗಿಸಬೇಕು. ಈಗ ಹತ್ತಕ್ಕೆ ಉಣ್ಣುತ್ತಿದ್ದರೆ ಒಂದೇ ದಿನದಲ್ಲಿ ಎಂಟಕ್ಕೆ ತರಲು ಹೋಗಬೇಡಿ, ನಾಲ್ಕೇ ದಿನಕ್ಕೆ ಕೈಬಿಡುತ್ತೀರಿ. ಎರಡು ಮೂರು ದಿನಕ್ಕೊಮ್ಮೆ ೧೫ ನಿಮಿಷ ಹಿಂದಕ್ಕೆ ಸರಿಸಿ. ಮನೆಗೆ ಬರುವುದೇ ಒಂಬತ್ತೂವರೆ ಆದರೆ? ಊಟವನ್ನು ಎರಡು ಮಾಡಿ. ಹೊಟ್ಟೆ ತುಂಬಿಸುವ ಭಾಗವನ್ನು ಸಂಜೆ ಆರೂವರೆಗೆ ಕೆಲಸದ ಜಾಗದಲ್ಲೇ ಮುಗಿಸಿ, ಮನೆಗೆ ಬಂದ ಮೇಲೆ ಹಗುರವಾಗಿ ಏನಾದರೂ.

ಹೆಜ್ಜೆ ೪: ಪ್ಯಾಕೆಟ್ಟನ್ನು ಸೋಫಾಕ್ಕೆ ತರಬೇಡಿ

ಹಸಿವು ೨, ೩ ಇದ್ದೂ ತಿನ್ನುವವರಿಗೆ ಈ ಹೆಜ್ಜೆ. ೧೦೦ ಗ್ರಾಂ ಆಲೂಗಡ್ಡೆ ಚಿಪ್ಸ್‌ನಲ್ಲಿ ಸುಮಾರು ೫೩೦ ಕ್ಯಾಲರಿ ಇದೆ. ಹದ ಗಾತ್ರದ ಒಂದು ಸೇಬಿನಲ್ಲಿ ಸುಮಾರು ೯೫. ಟಿವಿ ಮುಂದೆ ಕೂತು ಐದಾರು ಸೇಬು ಮುಗಿಸುವವರು ಯಾರೂ ಇಲ್ಲ. ಅಷ್ಟೇ ಕ್ಯಾಲರಿಯ ಚಿಪ್ಸ್ ಮಾತ್ರ ಒಂದು ಎಪಿಸೋಡ್ ಮುಗಿಯುವಷ್ಟರಲ್ಲಿ ಖಾಲಿ. ಕಣ್ಣು ಪರದೆಯ ಮೇಲಿದ್ದರೆ ಕೈ ಎಷ್ಟು ಸಲ ಪ್ಯಾಕೆಟ್‌ಗೆ ಹೋಯಿತು ಅನ್ನುವುದು ಗೊತ್ತೇ ಆಗುವುದಿಲ್ಲ, ಅಲ್ವಾ?

ತಿನ್ನಲೇಬೇಕು ಅನಿಸಿದರೆ ಸಣ್ಣ ಬಟ್ಟಲಿಗೆ ಹಾಕಿಕೊಳ್ಳಿ. ಪ್ಯಾಕೆಟ್ ಮುಚ್ಚಿ ಎತ್ತಿಡಿ. ಪರದೆ ಆರಿಸಿ, ಮೇಜಿನ ಮುಂದೆ ಕೂತು ತಿನ್ನಿ. ಊಟವಾದ ಕೂಡಲೇ ಅಡುಗೆಮನೆ ದೀಪ ಆರಿಸಿ, ಅರ್ಧ ಗಂಟೆ ಬಿಟ್ಟು ಹಲ್ಲು ಉಜ್ಜಿಬಿಡಿ. ಉಜ್ಜಿದ ಬಾಯಿಗೆ ಮತ್ತೆ ಏನನ್ನಾದರೂ ಹಾಕಲು ಮನಸ್ಸು ಹಿಂಜರಿಯುತ್ತದೆ. ಸಾಧ್ಯವಾದರೆ ಇಂಥ ತಿಂಡಿಯನ್ನು ಮನೆಗೆ ತರುವುದನ್ನೇ ಕಡಿಮೆ ಮಾಡಿ. ರಾತ್ರಿ ಹನ್ನೊಂದಕ್ಕೆ ಬೇಡ ಅನ್ನುವುದಕ್ಕಿಂತ ಅಂಗಡಿಯಲ್ಲಿ ಬೇಡ ಅನ್ನುವುದು ಸುಲಭ.

ಹೆಜ್ಜೆ ೫: ನಿಜವಾಗಿ ಹಸಿದಿದ್ದರೆ ತಿನ್ನಿ

ಹಸಿದ ಹೊಟ್ಟೆಯಲ್ಲಿ ಹೊರಳಾಡುತ್ತಾ ಮಲಗುವುದರಲ್ಲಿ ಯಾವ ಲಾಭವೂ ಇಲ್ಲ. ಮೊದಲು ಒಂದು ಲೋಟ ನೀರು ಕುಡಿದು ಹದಿನೈದು ನಿಮಿಷ ಕಾಯಿರಿ. ಹಸಿವು ಹೋಗದಿದ್ದರೆ ಸುಮಾರು ೧೫೦ ಕ್ಯಾಲರಿಯೊಳಗೆ ಏನಾದರೂ ಆಗಬಹುದು: ಒಂದು ಲೋಟ ಹಾಲು, ಒಂದು ಬಟ್ಟಲು ಸಪ್ಪೆ ಮೊಸರು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಇಲ್ಲವೇ ಹತ್ತು ಹದಿನೈದು ಬಾದಾಮಿ. ಆರೋಗ್ಯವಂತರು ಇಷ್ಟು ಸಣ್ಣ ತಿಂಡಿಗೆ ಹೆದರಬೇಕಿಲ್ಲ. ಕರಿದದ್ದು, ಖಾರ, ಐಸ್‌ಕ್ರೀಮ್, ಚಾಕೊಲೇಟ್ ಬೇಡ. ಮದ್ಯ ನಿದ್ದೆ ತರಿಸಿದಂತೆ ಕಂಡರೂ ನಡುರಾತ್ರಿ ಎಬ್ಬಿಸುತ್ತದೆ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಆದ್ದರಿಂದ ಮಧ್ಯಾಹ್ನದ ನಂತರ ಕೈ ಹಿಡಿದೇ ಕುಡಿಯಿರಿ.

ಹೆಜ್ಜೆ ೬: ನಿದ್ದೆಯನ್ನು ಊಟದಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ

ಶಿಕಾಗೊದಲ್ಲಿ ೧೨ ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ನೋಡಿದ್ದರು. ೨೦೦೪ರಲ್ಲಿ ಬಂದ ಫಲಿತಾಂಶ: ಚೆನ್ನಾಗಿ ಮಲಗಿದ ದಿನಗಳಿಗೆ ಹೋಲಿಸಿದರೆ ಲೆಪ್ಟಿನ್ ಶೇ ೧೮ ಇಳಿಯಿತು, ಹಸಿವು ಕೆರಳಿಸುವ ಗ್ರೆಲಿನ್ ಶೇ ೨೮ ಏರಿತು. ಸಿಹಿ, ಉಪ್ಪು, ಹಿಟ್ಟಿನ ಪದಾರ್ಥಗಳ ಆಸೆ ಹೆಚ್ಚಿತು. ಎಚ್ಚರವಾಗಿದ್ದಷ್ಟೂ ತಿನ್ನಲು ಹೊತ್ತು ಸಿಗುತ್ತದೆ ಅನ್ನುವುದು ಬೇರೆ. ಹನ್ನೆರಡರವರೆಗೆ ಕೂರುವವರು ಹತ್ತೂವರೆಗೆ ಮಲಗಿದರೆ ಒಂದು ತಿಂಡಿ ತಾನಾಗಿಯೇ ತಪ್ಪುತ್ತದೆ.

ರಾತ್ರಿ ಪಾಳಿಯವರಿಗೆ ಈ ಹೆಜ್ಜೆಗಳು ಹೀಗೇ ಹೊಂದುವುದಿಲ್ಲ. ೨೦೨೧ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ೧೯ ಮಂದಿಯನ್ನು ರಾತ್ರಿ ಪಾಳಿಯ ದಿನಚರಿಗೆ ಹಾಕಿದ್ದರು. ರಾತ್ರಿ ತಿಂದವರ ಸಕ್ಕರೆ ಏರಿತು, ಹಗಲಲ್ಲಿ ಮಾತ್ರ ತಿಂದವರಿಗೆ ಏರಲಿಲ್ಲ. ಆದ್ದರಿಂದ ಪಾಳಿಗೆ ಹೊರಡುವ ಮೊದಲೇ ದೊಡ್ಡ ಊಟ ಮುಗಿಸಿ. ನಡುರಾತ್ರಿಯಿಂದ ಬೆಳಗಿನ ಆರರವರೆಗೆ ತೀರಾ ಬೇಕೆನಿಸಿದರೆ ಹಣ್ಣು, ಮೊಸರಿನಂಥ ಹಗುರದ್ದು ಸಾಕು.

ವೈದ್ಯರನ್ನು ಕೇಳಿಯೇ ಮಾಡಬೇಕಾದವರು

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ತಿಂಡಿಯನ್ನು ತಾವಾಗಿಯೇ ನಿಲ್ಲಿಸಬಾರದು. ನಿದ್ದೆಯಲ್ಲಿ ಸಕ್ಕರೆ ವಿಪರೀತ ಇಳಿದರೆ ಜೀವಕ್ಕೇ ಅಪಾಯ. ಗರ್ಭಿಣಿಯರು, ಬೆಳೆಯುವ ಮಕ್ಕಳು, ಹಿಂದೆ ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ಕೂಡ ಕೇಳಿಯೇ ಮುಂದುವರಿಯಬೇಕು.

ಇನ್ನು ಕೆಲವರು ನಡುರಾತ್ರಿ ಎದ್ದು ತಿನ್ನದೆ ಮತ್ತೆ ಮಲಗಲಾರರು. ಬೆಳಿಗ್ಗೆ ಏನೂ ಬೇಡವಾಗಿರುತ್ತದೆ, ದಿನದ ಆಹಾರದ ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ರಾತ್ರಿ ಊಟದ ನಂತರವೇ ಹೋಗುತ್ತದೆ. ಮನೆಯವರು ಇದನ್ನು ಬಾಯಿಚಪಲ ಎಂದು ಬೈಯುವುದುಂಟು, ತಿಂದವರು ನಾಚಿಕೆಯಿಂದ ಮುಚ್ಚಿಡುವುದೂ ಉಂಟು. ಇದು ಚಪಲವಲ್ಲ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ೧೯೫೫ರಲ್ಲೇ ಗುರುತಿಸಿದ ತೊಂದರೆ, ಇದಕ್ಕೆ ಚಿಕಿತ್ಸೆ ಇದೆ. ವಾರಕ್ಕೆ ಎರಡು ಸಲವಾದರೂ ಹೀಗಾಗುತ್ತಿದ್ದರೆ, ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಹಾಳೆಯನ್ನೇ ತೆಗೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಎದೆಯುರಿಯಿಂದ ಎಚ್ಚರವಾಗುವವರೂ ಅಂಗಡಿ ಮಾತ್ರೆಯಲ್ಲೇ ದಿನ ದೂಡದೆ ವೈದ್ಯರನ್ನು ಕಾಣಿ.